ಹೆಸರು ಹೋಯಿತು, ಕೈಗುಣ ಉಳಿಯಿತು

(ಸಂಗೀತಾಸಕ್ತರ ಬಳಗವೊಂದರ ತಿಂಗಳ ಕೂಟದಲ್ಲಿ ನಮ್ಮ ವರದಿಗಾರ್ತಿ ಆಡಿದ ಮಾತುಗಳ ಬರಹರೂಪ)



ನನಗೆ ವೀಣೆಯೂ ಬಾರದು, ಗಿಟಾರೂ ಬಾರದು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಸುದ್ದಿಯ ಬೆನ್ನು ಹತ್ತಿದವಳು ನಾನು. ಆದರೂ ನಿಮ್ಮಂಥವರ ಮುಂದೆ ವಾದ್ಯ ತಯಾರಿಕೆಯ ಬಗ್ಗೆ ಮಾತನಾಡುವ ಧೈರ್ಯ ಮಾಡಿದ್ದೇನೆ. ಅದಕ್ಕೆ ನಮ್ಮ ಮನೆಗೆ ಬರುತ್ತಿದ್ದ ಒಬ್ಬ ಅಜ್ಜ ಕಾರಣ.

ಅಕ್ಕನ ವೀಣೆಗೆ ಮೇಳ ಕಟ್ಟಲು ಅವರು ಬರುತ್ತಿದ್ದರು. ಹಳೆಯ ಮೇಣ ಕೆರೆಯುವ ಮೊದಲು ಕೊಡದ ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. 'ಏನು ಕೇಳಿಸುತ್ತೆ ಅಜ್ಜ?' ಎಂದರೆ, 'ಹೇಳಿದರೆ ಗೊತ್ತಾಗಲ್ಲ ಮಗು, ನೂರು ಸಲ ತಟ್ಟಿದರೆ ಗೊತ್ತಾಗುತ್ತೆ' ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ವೀಣೆಗೆ ಮತ್ತೊಮ್ಮೆ ಮೇಳ ಕಟ್ಟಿಸಲು ನಮಗೆ ಮೂರು ವರ್ಷ ಬೇಕಾಯಿತು. ನ್ಯೂಯಾರ್ಕಿನ ಒಂದು ಪುಟ್ಟ ಅಂಗಡಿಯ ಕತೆ ಓದುವಾಗ ಅದೇ ತಟ್ಟುವ ಬೆರಳು ನನಗೆ ಮತ್ತೆ ಎದುರಾಯಿತು. ಈ ಹೊತ್ತು ಹೇಳಹೊರಟಿರುವುದು ಆ ಅಂಗಡಿಯ ವಿಷಯ.

ಮೊದಲು ವಾದ್ಯದ ಬಗ್ಗೆ ನಾಲ್ಕು ಮಾತು. ನಾವು ಸಾಮಾನ್ಯವಾಗಿ ಕಾಣುವ ಗಿಟಾರಿನ ಮುಖ ಚಪ್ಪಟೆ. ಅದರ ಕುದುರೆಯನ್ನು ಹಲಗೆಗೇ ಅಂಟಿಸಿರುತ್ತಾರೆ, ತಂತಿಗಳು ಅದನ್ನು ಎಳೆಯುತ್ತಿರುತ್ತವೆ. ಆರ್ಚ್‌ಟಾಪ್ ಎಂಬ ಜಾತಿಯದು ಹಾಗಲ್ಲ. ಅದರ ಮುಖ, ಬೆನ್ನು ಎರಡೂ ಪಿಟೀಲಿನಂತೆ ಕಮಾನಾಗಿ ಉಬ್ಬಿರುತ್ತವೆ. ಕುದುರೆ ಅಂಟಿಲ್ಲದೆ ಬರಿದೇ ಕುಳಿತಿರುತ್ತದೆ. ತಂತಿಗಳು ಅದರ ಮೇಲೆ ಹಾದು ಬುಡದ ಕೊಂಡಿಗೆ ಸೇರುತ್ತವೆ. ಎಳೆಯುವ ಬದಲು ಒತ್ತುತ್ತವೆ. ಒತ್ತಡ ತಡೆಯುವುದರಲ್ಲಿ ಕಮಾನು ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಹಳೆಯ ಸೇತುವೆಗಳೇ ಸಾಕ್ಷಿ.

ಇಂಥ ಕಡೆದ ಮುಖವನ್ನು ಮ್ಯಾಂಡೊಲಿನ್, ಗಿಟಾರ್‌ಗಳಿಗೆ ತಂದವನು ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಊರಿನ ಆರ್ವಿಲ್ ಗಿಬ್ಸನ್. 1898ರಲ್ಲಿ ತನ್ನ ಮ್ಯಾಂಡೊಲಿನ್‌ಗೆ ಪೇಟೆಂಟ್ ಪಡೆದ. ಅವನ ಹೆಸರಿನ ಕಂಪನಿ 1902ರಲ್ಲಿ ಹುಟ್ಟಿತು. ಅಲ್ಲಿ ಲಾಯ್ಡ್ ಲೋರ್ ಎಂಬ ವಾದಕ-ತಂತ್ರಜ್ಞ ಕೆಲಸದಲ್ಲಿದ್ದಾಗ, 1922ರಲ್ಲಿ, ಪಿಟೀಲಿನಂಥ ಎಫ್ ಆಕಾರದ ರಂಧ್ರಗಳುಳ್ಳ ಎಲ್-5 ಗಿಟಾರ್ ಹೊರಬಂತು. ಆಗಿನ್ನೂ ಗಿಟಾರಿಗೆ ವಿದ್ಯುತ್ತಿನ ಆಸರೆ ಇರಲಿಲ್ಲ. ಕುಣಿತದ ವಾದ್ಯವೃಂದಗಳಲ್ಲಿ ಕಹಳೆ, ಡೋಲುಗಳ ಅಬ್ಬರವನ್ನು ಸೀಳಿಕೊಂಡು ಕೇಳಿಸಬೇಕಾದರೆ ಇಂಥದೊಂದು ವಾದ್ಯ ಬೇಕೇ ಬೇಕಿತ್ತು.

ಕಂಪನಿಯ ಕತೆ ಇಷ್ಟು ಸಾಕು. ನನಗೆ ಮುಖ್ಯವಾದದ್ದು ಜಾನ್ ಡಿ ಆಂಜೆಲಿಕೊ. ಇಟಲಿ ಮೂಲದ ಕುಟುಂಬದ ಈತ ಹುಟ್ಟಿದ್ದು 1905ರಲ್ಲಿ, ನ್ಯೂಯಾರ್ಕಿನಲ್ಲಿ. ಒಂಬತ್ತನೆಯ ವಯಸ್ಸಿಗೇ ಅಜ್ಜನ ವರಸೆಯ ಬಂಧುವೊಬ್ಬರ ಬಳಿ ಪಿಟೀಲು, ಮ್ಯಾಂಡೊಲಿನ್ ಮಾಡುವ ಕೆಲಸಕ್ಕೆ ಕುಳಿತ. 1932ರಲ್ಲಿ ಕೆನ್‌ಮೇರ್ ಬೀದಿಯಲ್ಲಿ ತನ್ನದೇ ಅಂಗಡಿ ತೆರೆದ. ಇಡೀ ದೇಶ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ವರ್ಷವದು! ಮೊದಮೊದಲ ಗಿಟಾರ್‌ಗಳಿಗೆ ಗಿಬ್ಸನ್ ಎಲ್-5 ಮಾದರಿ. ಬರಬರುತ್ತ ಸ್ವಂತ ಛಾಪು ಮೂಡಿತು. 17 ಅಂಗುಲ ಅಗಲದ 'ಎಕ್ಸೆಲ್', 18 ಅಂಗುಲದ 'ನ್ಯೂಯಾರ್ಕರ್' ಮಾದರಿಗಳಿಗೆ ಜಾಸ್ ವಾದಕರು ಹುಡುಕಿಕೊಂಡು ಬಂದರು.

ಕೆಲಸ ಹೇಗೆ ನಡೆಯುತ್ತದೆ? ಮುಖಕ್ಕೆ ಸ್ಪ್ರೂಸ್ ಮರ, ಬೆನ್ನಿಗೂ ಪಕ್ಕಗಳಿಗೂ ಮೇಪಲ್. ಮರದ ತುಂಡನ್ನು ಮಧ್ಯೆ ಸೀಳಿ, ಪುಸ್ತಕದ ಹಾಗೆ ಬಿಡಿಸಿ ಅಂಟಿಸಿದರೆ ಎರಡೂ ಬದಿಯ ಎಳೆ ಒಂದಕ್ಕೊಂದು ಕನ್ನಡಿಯಂತೆ ಕೂಡುತ್ತದೆ. ಆ ದಪ್ಪ ಹಲಗೆಯ ಹೊರಮೈಯನ್ನು ಉಳಿಯಿಂದ ಉಬ್ಬಾಗಿ ಕೆತ್ತಿ, ಆಮೇಲೆ ಒಳಮೈಯನ್ನು ತೋಡುತ್ತ ಹೋಗಬೇಕು. ಕೊನೆಯಲ್ಲಿ ನಡುವೆ ಸುಮಾರು ಆರು ಮಿಲಿಮೀಟರ್, ಅಂಚಿನ ಬಳಿ ಅದರ ಅರ್ಧದಷ್ಟು ಉಳಿದೀತು. ಕೆತ್ತಿದ ಮರದಲ್ಲಿ ಬಹುಪಾಲು ನೆಲದ ಮೇಲಿನ ಹೊಟ್ಟು! ಪಕ್ಕದ ತೆಳುಪಟ್ಟಿಗಳನ್ನು ನೆನೆಸಿ, ಕಾದ ಲೋಹಕ್ಕೆ ಒತ್ತಿ ಬಾಗಿಸಬೇಕು. ಮುಖದ ಒಳಗೆ ಎರಡು ಪಟ್ಟಿ ಕೂರಿಸಬೇಕು.

ಅಳತೆಗೋಲು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ. ಒಂದೇ ಮರದ ಎರಡು ಹಲಗೆಗಳೂ ಒಂದೇ ಗುಣದವಲ್ಲ. ಒಂದು ಬಿಗುವಾದರೆ ಇನ್ನೊಂದು ಸಡಿಲ. ಹೆಚ್ಚು ದಪ್ಪ ಬಿಟ್ಟರೆ ನಾದ ಉಸಿರು ಕಟ್ಟುತ್ತದೆ, ಹೆಚ್ಚು ತೆಳುವಾದರೆ ಸದ್ದು ಬರುತ್ತದೆ, ಗಾಂಭೀರ್ಯ ಹೋಗುತ್ತದೆ. ಆದ್ದರಿಂದ ಮಾಡುವವನು ಹಲಗೆಯನ್ನು ಹಿಡಿದು ತಟ್ಟುತ್ತಾನೆ, ಕೇಳುತ್ತಾನೆ, ಒಂದು ಎಳೆ ಕೆರೆಯುತ್ತಾನೆ, ಮತ್ತೆ ತಟ್ಟುತ್ತಾನೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ವಿದ್ಯೆ. ರಾಬರ್ಟ್ ಬೆನೆಡೆಟ್ಟೊ ಎಂಬ ಇನ್ನೊಬ್ಬ ಹೆಸರಾಂತ ತಯಾರಕ ಕಟ್ಟಡಕ್ಕೆ ಬಳಸುವ ಗಂಟುಗಂಟಾದ ಪೈನ್ ಹಲಗೆಯಿಂದಲೇ ಗಿಟಾರ್ ಮಾಡಿ ತೋರಿಸಿದ. ಉತ್ತಮ ಮರ ಬೇಡವೆಂದಲ್ಲ, ಮರವೊಂದೇ ನಾದ ಕೊಡುವುದಿಲ್ಲ ಎಂದು ತೋರಿಸುವುದಕ್ಕೆ. 1994ರಲ್ಲಿ ಈ ಕೆಲಸದ ಬಗ್ಗೆ ಪುಸ್ತಕವನ್ನೂ ಬರೆದ. ಅದಕ್ಕೆ ಮುಂಚೆ ಕಲಿಯುವವನಿಗೆ ಇದ್ದ ಮುಖ್ಯ ದಾರಿ, ಬಲ್ಲವನ ಪಕ್ಕದಲ್ಲಿ ನಿಲ್ಲುವುದು.

ಹಾಗೆ ನಿಂತವನು ಜಿಮ್ಮಿ ಡಿ ಅಕ್ವಿಸ್ಟೊ. 1935ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ಸ್ವತಃ ಗಿಟಾರ್ ನುಡಿಸುತ್ತಿದ್ದ ಹುಡುಗ 1952ರಲ್ಲಿ ಡಿ ಆಂಜೆಲಿಕೊನ ಅಂಗಡಿಗೆ ಸೇರಿದ. ಮೊದಲು ಸಿಕ್ಕಿದ್ದು ಗುಡಿಸುವ, ಸಾಮಾನು ತಲುಪಿಸುವ ಕೆಲಸ. 1959ರಲ್ಲಿ ಅಂಗಡಿಯ ಕಟ್ಟಡ ವಾಸಕ್ಕೆ ಯೋಗ್ಯವಲ್ಲವೆಂದು ತೆರವಾಯಿತು. ಬಹುಕಾಲದ ಸಹಾಯಕನೂ ಬಿಟ್ಟುಹೋದ. ಯಜಮಾನನ ಆರೋಗ್ಯವೂ ಕೆಟ್ಟಿತ್ತು. ಅಂಗಡಿ ಅಲ್ಲಿಗೆ ಮುಚ್ಚಿಹೋಗಬೇಕಿತ್ತು. ಮತ್ತೆ ತೆರೆಯುವಂತೆ ಬೆನ್ನು ಬಿದ್ದು ಒಪ್ಪಿಸಿದವನು ಡಿ ಅಕ್ವಿಸ್ಟೊ. ಕೊನೆಯ ಐದು ವರ್ಷ ಗುರುವಿನ ಕಿವಿ, ಶಿಷ್ಯನ ಕೈ ಹೀಗೆ ಕೆಲಸ ಸಾಗಿತು ಎಂದರೆ ತಪ್ಪಾಗಲಾರದು. ಈ ಐದು ವರ್ಷ ಇರದಿದ್ದರೆ ಆ ವಿದ್ಯೆ ಮುಂದಕ್ಕೆ ಬರುತ್ತಿತ್ತೇ ಎಂಬ ಅನುಮಾನ ನನ್ನದು.

1964ರ ಸೆಪ್ಟೆಂಬರ್ 1ರಂದು ಡಿ ಆಂಜೆಲಿಕೊ ತೀರಿಕೊಂಡ. 59 ವರ್ಷ. ಅಷ್ಟರಲ್ಲಿ ಮಾಡಿದ ಗಿಟಾರ್‌ಗಳು 1164. ಉಳಿದಿದ್ದ ಕೊನೆಯ ಹತ್ತನ್ನು ಶಿಷ್ಯ ಮುಗಿಸಿಕೊಟ್ಟ, ಅಂಗಡಿಯನ್ನೂ ಕೊಂಡ. ಆದರೆ ವ್ಯವಹಾರದಲ್ಲಿ ಎಡವಿ ಸ್ವಲ್ಪ ಸಮಯದಲ್ಲೇ 'ಡಿ ಆಂಜೆಲಿಕೊ' ಎಂಬ ಹೆಸರಿನ ಹಕ್ಕು ಕಳೆದುಕೊಂಡ. ಆ ಹೆಸರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿ, ಈಗ ಏಷ್ಯಾದ ಕಾರ್ಖಾನೆಗಳಲ್ಲಿ ತಯಾರಾದ ಗಿಟಾರ್‌ಗಳ ಮೇಲೂ ಕಾಣುತ್ತದೆ. ಅವು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತವನಿಗೆ ಆ ಹೆಸರು ಬರೆಯುವ ಅಧಿಕಾರವಿರಲಿಲ್ಲ, ಅಷ್ಟೆ.

1965ರಿಂದ ಆತ ಸ್ವಂತ ಹೆಸರು ಬರೆದ. ಕಾಲ ಅನುಕೂಲವಾಗಿರಲಿಲ್ಲ. ವಿದ್ಯುತ್ ಗಿಟಾರ್, ರಾಕ್ ಸಂಗೀತದ ಎದುರು ಕಡೆದ ವಾದ್ಯ ಕೇಳುವವರು ಕಡಿಮೆಯಾಗಿದ್ದರು. ಗುರುವಿನ ಪಡಿಯಚ್ಚಿನಿಂದ ಶುರುಮಾಡಿ, ನಿಧಾನವಾಗಿ ಒಂದೊಂದನ್ನೇ ಕಳಚಿದ. ಮಿರುಗುವ ಲೋಹದ ಕೊಂಡಿ ತೆಗೆದು ಕರಿಮರದ್ದು ಹಾಕಿದ, ಮುತ್ತಿನ ಚಿಪ್ಪಿನ ಅಲಂಕಾರ ಬಿಟ್ಟ, ರಂಧ್ರಗಳ ಆಕಾರ ಬದಲಿಸಿದ. ಮೂವತ್ತು ವರ್ಷಗಳಲ್ಲಿ ಮಾಡಿದ್ದು ನಾನೂರಕ್ಕಿಂತ ಕಡಿಮೆ. ಗಿರಾಕಿಗಳು ವರ್ಷಗಟ್ಟಲೆ ಕಾಯುತ್ತಿದ್ದರು. 1995ರ ಏಪ್ರಿಲ್‌ನಲ್ಲಿ ಆತನೂ ತೀರಿಕೊಂಡ. ವಿಚಿತ್ರವೆಂದರೆ ಆತನಿಗೂ 59 ವರ್ಷ.

ನಮಗೂ ಈ ವಾದ್ಯ ದೂರದ್ದಲ್ಲ. ಗಿಟಾರಿನಲ್ಲಿ ರಾಗ ನುಡಿಸಿದ ಬ್ರಿಜ್ ಭೂಷಣ್ ಕಾಬ್ರಾ ಅವರು ಬಳಸಿದ್ದು ಗಿಬ್ಸನ್ ಕಂಪನಿಯ ಆರ್ಚ್‌ಟಾಪನ್ನೇ ಮಾರ್ಪಡಿಸಿ. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ವಿಶ್ವಮೋಹನ ಭಟ್ ಅವರ ಮೋಹನ ವೀಣೆಯೂ ಇದೇ ಕುಲದ್ದು. ಅನುರಣನದ ತಂತಿಗಳೂ ಸೇರಿ ಇಪ್ಪತ್ತರಷ್ಟು ತಂತಿಗಳ ಬಿಗಿತವನ್ನು ತಡೆಯಲು ಕಮಾನಿನ ಮುಖವೇ ಬೇಕು. ಆರಕ್ಕೆ ಕಡೆದ ಮರ ಇಪ್ಪತ್ತನ್ನೂ ಹೊರಬಲ್ಲದೆಂದು ಆರ್ವಿಲ್ ಗಿಬ್ಸನ್ ಕನಸಿನಲ್ಲೂ ಎಣಿಸಿರಲಾರ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. 2011ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಈ ಇಬ್ಬರ ಗಿಟಾರ್‌ಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಇವರ ಸಾಲಿನಲ್ಲಿ ಮೂರನೆಯವನಾಗಿ ಅಲ್ಲಿದ್ದವನು ಜಾನ್ ಮೊಂಟೆಲಿಯೋನ್. ಗಿಟಾರ್‌ಗಳ ಮಾತು ಹೀಗಾಯಿತು, ಕೆಲಸದ ಮೇಜು ಮತ್ತು ಹತಾರಗಳ ಗತಿ ಬೇರೆ. ಗುರುವಿನಿಂದ ಡಿ ಅಕ್ವಿಸ್ಟೊಗೆ ಬಂದ ಅವು, ಆತ ಸತ್ತ ಮೇಲೆ ಪಾಲ್ ಗುಡೆಲ್ಸ್ಕಿ ಎಂಬ ಶಿಷ್ಯನಿಗೆ ಬಂದವು. ಮರುವರ್ಷ, 1996ರಲ್ಲಿ, ಆ ತರುಣನೂ ಇಲ್ಲವಾದ. ಮೇಜು, ಅಚ್ಚುಗಳು, ಉಳಿಗಳು ಈಗ ದಕ್ಷಿಣ ಡಕೋಟಾ ರಾಜ್ಯದ ವರ್ಮಿಲಿಯನ್ ಎಂಬ ಸಣ್ಣ ಊರಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಅವನ್ನು ನೋಡಬಹುದು, ಹಿಡಿದು ಕೆಲಸ ಮಾಡುವ ಹಾಗಿಲ್ಲ.

ನಮ್ಮ ಅಜ್ಜನ ಹತಾರಗಳು ಎಲ್ಲಿವೆಯೋ ವಿಚಾರಿಸಬೇಕು. ಅವರ ಮಗ ಇದೇ ಊರಿನಲ್ಲಿದ್ದಾರೆ ಎಂದು ಕೇಳಿದ್ದೇನೆ. ಬರುವ ಭಾನುವಾರ ಹೋಗಿಬರುವ ಯೋಚನೆ ಇದೆ.