ಸ್ತ್ರೀಯರಿಗೆ ಸಲ್ಲುವ ಇಂಗ್ಲಿಷ್ ಗೌರವಪದಗಳು



ಇಂಗ್ಲಿಷಿನ ‘ಮಿಸೆಸ್’, ‘ಮಿಸ್’ ಎಂಬೆರಡೂ ‘ಮಿಸ್ಟ್ರೆಸ್’ ಎಂಬ ಒಂದೇ ಶಬ್ದದ ಕವಲುಗಳು. ಆ ಶಬ್ದಕ್ಕೆ ಒಡತಿಯೆಂದರ್ಥ. 18ನೆಯ ಶತಮಾನದಲ್ಲಿಯೂ ‘ಮಿಸೆಸ್’ ಎಂಬುದು ಅಂತಸ್ತನ್ನು ಸೂಚಿಸುತ್ತಿತ್ತೇ ಹೊರತು ವಿವಾಹವನ್ನಲ್ಲ, ಅವಿವಾಹಿತೆಯರಿಗೂ ಸಲ್ಲುತ್ತಿತ್ತು. ಕಾಲಕ್ರಮದಲ್ಲಿ ಪುರುಷನಿಗೆ ‘ಮಿಸ್ಟರ್’ ಒಂದೇ ಸಾಕಾಯಿತು. ಸ್ತ್ರೀಯು ಮಾತ್ರ ಮದುವೆಯ ಗುರುತನ್ನು ಹೆಸರಿನೊಡನೆ ಹೊರಬೇಕಾಯಿತು. ಈ ತೊಡಕನ್ನು ನೀಗಲೆಂದು 1901ರಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯೊಂದು ‘ಮಿಜ್’ ಎಂಬ ಪದವನ್ನು ಸೂಚಿಸಿತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಅಂಗೀಕರಿಸಿದುದು 1986ರಲ್ಲಿ.

ನಮ್ಮ ‘ಅಮ್ಮ’, ‘ಅಕ್ಕ’ ಎಂಬ ಕರೆಗಳು ಮದುವೆಯಾಯಿತೇ ಎಂದು ಕೇಳುವುದಿಲ್ಲ. ಅರ್ಜಿಯಲ್ಲಿ ಬರೆಯುವ ‘ಕುಮಾರಿ’, ‘ಶ್ರೀಮತಿ’ಗಳು ಕೇಳುತ್ತವೆ. ಆದುದರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಯುವ ನಮ್ಮ ಮಕ್ಕಳು, ಆಕೆ ತನ್ನನ್ನು ಹೇಗೆ ಹೇಳಿಕೊಳ್ಳುವಳೋ ಹಾಗೆಯೇ ಬರೆಯಲಿ. ತಿಳಿಯದಲ್ಲಿ ‘ಮಿಜ್’ ಎನ್ನಲಿ. ಊಹೆಗಿಂತ ಸೌಜನ್ಯವೇ ಮೇಲು.