ಮಲೆಯ ಮಣ್ಣು

ಜಯನಗರ, ಬನಶಂಕರಿಗಳಲ್ಲಿ ನಾವು ಕುಡಿಯುವುದು ಕಾವೇರಿಯನ್ನು. 1974ರಲ್ಲಿ ಬೆಂಗಳೂರಿಗೆ ಬಂದ ಈ ನೀರಿನ ತವರು ಕೊಡಗಿನ ಕಾಡುಮಣ್ಣು.

ಆ ಮಣ್ಣನ್ನು ಅಗೆದು ನೋಡಬೇಕು. ಮೇಲೆ ತರಗೆಲೆ, ಅದರಡಿ ಎಲೆ ಕೊಳೆತು ಆದ ಕಪ್ಪು, ಮೆತ್ತನೆಯ ಪದರ. ಬೇರು, ಎರೆಹುಳುಗಳು ಕೊರೆದ ಸಾವಿರ ಕಂಡಿಗಳಲ್ಲಿ ಮಳೆ ಹರಿದೋಡದೆ ಇಂಗುತ್ತದೆ. ಕೆಳಗಿನದು ಜೇಡಿ ಬೆರೆತ ಕೆಮ್ಮಣ್ಣು. ಶತಮಾನಗಳ ಮಳೆ ಅದರ ಸಾರವನ್ನು ತೊಳೆದಿದೆ. ಅಷ್ಟು ದಟ್ಟವಾದ ಕಾಡು ಬಾಳುವುದು ಮೇಲಿನ ತೆಳು ಕಪ್ಪನ್ನು ನಂಬಿ! ಇನ್ನೂ ಕೆಳಗೆ, ಶಿಥಿಲವಾದ ಬಂಡೆ ನೀರನ್ನು ಕೂಡಿಟ್ಟು, ಮಳೆ ನಿಂತ ಮೇಲೂ ತೊರೆಗಳಿಗೆ ಜಿನುಗಿಸುತ್ತದೆ.

2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ನೀರುಂಡ ಕೆಮ್ಮಣ್ಣು ಜಾರಿ ಮನೆ, ತೋಟಗಳನ್ನು ಹೊತ್ತೊಯ್ದಿತು. ಅತಿಮಳೆಯೊಂದನ್ನೇ ದೂರುವುದನ್ನು ನಾನು ಒಪ್ಪಲಾರೆ. ಇಳಿಜಾರುಗಳನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳೇ ಹೇಳಿದರು. 2020ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ತಲಕಾವೇರಿಯಲ್ಲಿಯೇ.