ಮುಟ್ಟಿದರೆ ಮಾತಾಡುವ ಕಾಲ

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರು ಕೋಟೆಯ ಗೋಡೆಗೆ ಕೈಯೂರಿ ಸುಧಾರಿಸಿಕೊಳ್ಳುತ್ತಾರೆ. ಆ ಕಲ್ಲು ಕಂಡ ಕಾಲ ನಮ್ಮ ಕೈಗೆ ತಿಳಿಯುವುದಿಲ್ಲ. ಶಿವರಾಮ ಕಾರಂತರ ಮೂಕಜ್ಜಿಗೆ ತಿಳಿಯುತ್ತಿತ್ತು.

1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಅಜ್ಜಿ ಹಳೆಯ ವಸ್ತುವೊಂದನ್ನು ಮುಟ್ಟಿದರೆ ಸಾಕು, ಅದರ ಗತಕಾಲ ಅವಳ ಕಣ್ಣೆದುರು ನಿಲ್ಲುತ್ತದೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ಆ ಮಾತುಕತೆಯಲ್ಲೇ ಯುಗಗಳು ಸರಿಯುತ್ತವೆ. ಕಾಲದ ತತ್ತ್ವವನ್ನು ಪಂಡಿತರ ಬದಲು ಬಾಲವಿಧವೆಯಾಗಿದ್ದ ಮುದುಕಿಯೊಬ್ಬಳಿಂದ ಆಡಿಸಿದ್ದಾರಲ್ಲ, ಕಾರಂತರ ನಿಜವಾದ ಜಾಣ್ಮೆ ಅದೇ. 1977ರ ಜ್ಞಾನಪೀಠ ಬಂದದ್ದು ಈ ಕೃತಿಗೇ.

ಮಧುಗಿರಿ ಸುತ್ತಲಿನ ನಮ್ಮ ಸೀಮೆಯಲ್ಲೂ ಕಾಲಗಳು ಒಟ್ಟೊಟ್ಟಿಗೇ ಇವೆ. ಶಿರಾದಲ್ಲಿ ಹಿಂದಿನ ಸುಬೇದಾರ ಮಲಿಕ್ ರೆಹಾನನ ಗೋರಿ. ಪಾವಗಡದಲ್ಲಿ ಕೋಟೆಯೂ ಉಂಟು, ತಿರುಮಣಿಯ ಸೌರಫಲಕಗಳೂ ಉಂಟು.

ಇವತ್ತು ಮನೆಯ ಹಿರಿಯರ ಕೈಗೆ ಒಂದು ಹಳೆಯ ಸಾಮಾನು ಕೊಟ್ಟು, ಅದರ ಕಥೆ ಕೇಳಿ ನೋಡಿ.